ಅನುದಾನ, ಸಹಾಯಧನ, ಪ್ರೋತ್ಸಾಹಧನ: ಹೈಡ್ರೋಜನ್ ಸಂಶೋಧನೆಯ ಕಡತದಲ್ಲಿ ಯಾವುದು ಎಲ್ಲಿ?

ಪ್ರಶ್ನೆ:

ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಸಂಬಂಧಿಸಿದ ಸಂಶೋಧನಾ ಪ್ರಸ್ತಾವಗಳ ಆಹ್ವಾನವೊಂದನ್ನು ಕನ್ನಡಕ್ಕೆ ತರಬೇಕಾಗಿದೆ. ಗ್ರಾಂಟ್, ಇನ್ಸೆಂಟಿವ್, ಸಬ್ಸಿಡಿ ಮೂರೂ ಅದರಲ್ಲಿ ಬರುತ್ತವೆ. ಸುದ್ದಿಗಳಲ್ಲಿ ಹಲವೆಡೆ ಎಲ್ಲಕ್ಕೂ ‘ಸಹಾಯಧನ’ ಎಂದೇ ಇರುತ್ತದೆ, ಹಾಗೇ ಬಿಡಬಹುದೇ? ಔಟ್‌ಲೇ ಎಂಬುದಕ್ಕೆ ‘ವೆಚ್ಚ’ ಸಾಕೇ? ಪೈಲಟ್ ಪ್ರಾಜೆಕ್ಟ್‌ಗೆ ‘ಪ್ರಾಯೋಗಿಕ ಯೋಜನೆ’, ಫ್ಯುಯೆಲ್ ಸೆಲ್‌ಗೆ ‘ಇಂಧನ ಕೋಶ’, ಆನೋಡ್-ಕ್ಯಾಥೋಡ್‌ಗೆ ‘ಧನಾಗ್ರ-ಋಣಾಗ್ರ’ ಎಂದು ಸದ್ಯಕ್ಕೆ ಹಾಕಿಕೊಂಡಿದ್ದೇನೆ. ಬಲ್ಲವರು ತಿಳಿಸಿ.

ಉತ್ತರ 1:

ಎಲ್ಲಕ್ಕೂ ‘ಸಹಾಯಧನ’ ಎಂದು ಬರೆದರೆ ಓದಿದವರು ಲೆಕ್ಕಪತ್ರದಲ್ಲಿ ಸಿಕ್ಕಿಬೀಳುತ್ತಾರೆ. ಕನ್ನಡದಲ್ಲಿ ಸಹಾಯಧನವೆಂದರೆ ಸಬ್ಸಿಡಿ: ಹನಿ ನೀರಾವರಿಗೋ ಸೋಲಾರ್ ಪಂಪಿಗೋ ಸರ್ಕಾರ ಬೆಲೆಯಲ್ಲಿ ಒಂದು ಪಾಲು ಹೊರುವುದು. ವಸ್ತು ಬಂತು, ಕಡತ ಮುಗಿಯಿತು. ಗ್ರಾಂಟ್ ಹಾಗಲ್ಲ, ಅದಕ್ಕೆ ‘ಅನುದಾನ’ವೇ ಸರಿ. ಅನುದಾನ ಸಾಮಾನ್ಯವಾಗಿ ಕಂತುಗಳಲ್ಲಿ ಮುಂಚಿತವಾಗಿಯೇ ಬರುತ್ತದೆ, ಆಮೇಲೆ ಲೆಕ್ಕ ಕೇಳುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನ ಪಡೆದ ಸಂಸ್ಥೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣ ಪತ್ರ ಕೊಡಬೇಕು. ಮುಂಗಡದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಮೇಲೆ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಅನುದಾನದಲ್ಲಿ ಕೊಂಡ ಉಪಕರಣವನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ‘ಸಹಾಯಧನ’ ಎಂದು ಓದಿಕೊಂಡ ಕಾಲೇಜೊಂದು ಬಡ್ಡಿಯನ್ನು ತನ್ನ ಆದಾಯಕ್ಕೆ ಸೇರಿಸಿಬಿಟ್ಟರೆ ಮುಂದಿನ ಕಂತು ಅಲ್ಲೇ ನಿಲ್ಲುತ್ತದೆ.

ಇನ್ಸೆಂಟಿವ್‌ಗೆ ‘ಪ್ರೋತ್ಸಾಹಧನ’. ಹಾಲು ಉತ್ಪಾದಕರಿಗೆ ಲೀಟರ್ ಲೆಕ್ಕದಲ್ಲಿ ಸಿಗುವ ಹಣಕ್ಕೆ ನಾವು ಹೇಳುವ ಪದ ಇದೇ, ಲೆಕ್ಕದ ಬಗೆಯೂ ಅದೇ: ಹಾಕಿದಷ್ಟಕ್ಕೆ ದುಡ್ಡು. ಮಿಷನ್‌ನ ‘ಸೈಟ್’ (SIGHT, ತಯಾರಕರಿಗೆ ಪ್ರೋತ್ಸಾಹಧನ ಕೊಡುವ) ಕಾರ್ಯಕ್ರಮದ ಮೊದಲ ಸುತ್ತಿನಲ್ಲಿ ಹಸಿರು ಹೈಡ್ರೋಜನ್ ಉತ್ಪಾದನೆಗೆ ಕೆಜಿಗೆ ಮೊದಲ ವರ್ಷ ಗರಿಷ್ಠ 50, ಎರಡನೇ ವರ್ಷ 40, ಮೂರನೇ ವರ್ಷ 30 ರೂಪಾಯಿ ಎಂಬ ಮಿತಿ ಇತ್ತು. ಎಲೆಕ್ಟ್ರೊಲೈಸರ್ (ವಿದ್ಯುತ್ತಿನಿಂದ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಯಂತ್ರ) ತಯಾರಕರಿಗೆ ಕಿಲೋವ್ಯಾಟ್‌ಗೆ 4,440 ರೂಪಾಯಿಯಿಂದ ಶುರುವಾಗಿ ಐದನೇ ವರ್ಷಕ್ಕೆ 1,480ಕ್ಕೆ ಇಳಿಯುವ ದರ. ಇಲ್ಲಿ ಮುಂಗಡದ ಮಾತಿಲ್ಲ; ತಯಾರಿಸಿ ತೋರಿಸಿದ ಮೇಲೆಯೇ ಹಣ. ಪ್ರಯೋಗಾಲಯದವರಿಗೆ ಇದರಿಂದ ಏನೂ ಬರುವುದಿಲ್ಲ. ಪದ ಬೇರೆಯಾಗಿದ್ದರೆ ಅದು ಓದಿದ ಕೂಡಲೇ ತಿಳಿಯುತ್ತದೆ.

ಔಟ್‌ಲೇಗೆ ‘ವೆಚ್ಚ’ ಬೇಡ, ಖರ್ಚಾಗಿಹೋದ ಹಣದಂತೆ ಕೇಳಿಸುತ್ತದೆ. ನಮ್ಮಲ್ಲಿ ‘ಬಜೆಟ್ ಗಾತ್ರ’ ಎನ್ನುವ ರೂಢಿ ಇದ್ದೇ ಇದೆ. ‘ಯೋಜನಾ ಗಾತ್ರ’ ಎನ್ನಿ. ಸಚಿವ ಸಂಪುಟ 2023ರ ಜನವರಿ 4ರಂದು ಒಪ್ಪಿದ ಮಿಷನ್‌ನ ಗಾತ್ರ 19,744 ಕೋಟಿ ರೂಪಾಯಿ. ಇದರಲ್ಲಿ ‘ಸೈಟ್’ಗೆ 17,490 ಕೋಟಿ, ಪೈಲಟ್ ಯೋಜನೆಗಳಿಗೆ 1,466 ಕೋಟಿ, ಸಂಶೋಧನೆ ಮತ್ತು ಅಭಿವೃದ್ಧಿಗೆ 400 ಕೋಟಿ, ಉಳಿದ ಬಾಬ್ತುಗಳಿಗೆ 388 ಕೋಟಿ. ವರ್ಷದ ಆಯವ್ಯಯದಲ್ಲಿ ಬರುವ ಅಂಕಿ ಬೇರೆಯೇ: 2024-25ರ ಆಯವ್ಯಯ ಅಂದಾಜಿನಲ್ಲಿ ಇಡೀ ಮಿಷನ್‌ಗೆ ಇಟ್ಟದ್ದು 600 ಕೋಟಿ. ಹಾಗಾಗಿ ಗಾತ್ರ, ಮೀಸಲು, ಮಂಜೂರು, ಬಿಡುಗಡೆ, ಖರ್ಚು, ಈ ಐದನ್ನು ಒಂದರ ಜಾಗದಲ್ಲಿ ಇನ್ನೊಂದು ಹಾಕದೆ ಕೊನೆಯವರೆಗೂ ಕಾಯ್ದುಕೊಳ್ಳಿ. ‘ಮಂಜೂರಾಗಿದೆ’ ಎಂದರೆ ಆದೇಶ ಬಂದಿದೆ ಎಂದಷ್ಟೇ, ಖಾತೆಗೆ ದುಡ್ಡು ಬಂದಿದೆ ಎಂದಲ್ಲ. ಮಂಜೂರಾತಿ ನೋಡಿ ಪೂರೈಕೆದಾರರಿಗೆ ಆದೇಶ ಕೊಟ್ಟು ಆಮೇಲೆ ಬಿಲ್ ಕಟ್ಟಲಾಗದೆ ಒದ್ದಾಡುವುದು ಸಂಶೋಧನಾ ಯೋಜನೆಗಳಲ್ಲಿ ಹೊಸದೇನಲ್ಲ.

ಮೇಲಿನ ಪಟ್ಟಿಯಿಂದಲೇ ‘ಪ್ರಾಯೋಗಿಕ’ದ ತೊಡಕೂ ಗೊತ್ತಾಗುತ್ತದೆ. ‘ಪ್ರಾಯೋಗಿಕ ಯೋಜನೆಗಳಿಗೆ 1,466 ಕೋಟಿ’ ಎಂದರೆ ಓದುಗರು ಲ್ಯಾಬಿನ ಪ್ರಯೋಗ ಎಂದುಕೊಳ್ಳುತ್ತಾರೆ. ಅದು ಉಕ್ಕು, ಸಾರಿಗೆ, ಹಡಗು ಮುಂತಾದ ಕ್ಷೇತ್ರಗಳಲ್ಲಿ ಯಂತ್ರವನ್ನು ನಿಜವಾಗಿ ಓಡಿಸಿ ನೋಡುವ ಹಣ: ಉಕ್ಕಿಗೆ 455 ಕೋಟಿ, ಸಾರಿಗೆಗೆ 496 ಕೋಟಿ, ಹಡಗಿಗೆ 115 ಕೋಟಿ. ಲ್ಯಾಬಿಗೆ ಇರುವುದು ಆ 400 ಕೋಟಿಯೇ. ‘ಪೈಲಟ್ ಯೋಜನೆ’ ಎಂದೇ ಬಿಡಿ, ಯಾರಿಗೂ ಕಷ್ಟವಾಗುವುದಿಲ್ಲ.

ಖರ್ಚಿನ ಬಾಬ್ತುಗಳಿಗೆ ನಮ್ಮ ಕಚೇರಿಗಳಲ್ಲಿ ಪದಗಳಿವೆ, ಹೊಸದಾಗಿ ಕಟ್ಟುವುದು ಬೇಡ. ಕಂಟಿಂಜೆನ್ಸಿಗೆ ‘ಸಾದಿಲ್ವಾರು ವೆಚ್ಚ’. ಕೇಂದ್ರದ ಅನುದಾನದಲ್ಲಿ ಬಂಡವಾಳ ಆಸ್ತಿ ಸೃಜನೆಗೆ 35, ಸಾಮಾನ್ಯಕ್ಕೆ 31, ಸಂಬಳಕ್ಕೆ 36 ಎಂಬ ಸಂಕೇತ ಸಂಖ್ಯೆಯ ಪ್ರತ್ಯೇಕ ಉದ್ದೇಶ ಶೀರ್ಷಿಕೆಗಳಿವೆ (ಖರ್ಚಿನ ಬಗೆ ತೋರುವ ಲೆಕ್ಕದ ತಲೆಬರಹಗಳು). ಒಂದರ ಹಣವನ್ನು ಇನ್ನೊಂದಕ್ಕೆ ತಮ್ಮಷ್ಟಕ್ಕೆ ತಾವೇ ತಿರುಗಿಸುವಂತಿಲ್ಲ. ಆದ್ದರಿಂದ ಕನ್ಸ್ಯೂಮಬಲ್ಸ್‌ಗೆ ಬರೀ ‘ಸಾಮಗ್ರಿ’ ಎಂದರೆ ಸಾಲದು, ‘ಬಳಸಿ ಮುಗಿಯುವ ಸಾಮಗ್ರಿ’ ಎನ್ನಿ. ಪೊರೆ, ಪ್ಲಾಟಿನಂ ಪುಡಿ, ಸಿಲಿಂಡರಿನ ಅನಿಲ ಇತ್ತ ಬರುತ್ತವೆ; ಪರೀಕ್ಷಾ ಬೆಂಚು ಆಸ್ತಿಯ ಕಡೆ ಹೋಗುತ್ತದೆ.

‘ಹಸಿರು’ ಎಂಬುದನ್ನು ಮುಟ್ಟಬೇಡಿ. 2023ರ ಆಗಸ್ಟ್‌ನಲ್ಲಿ ಸರ್ಕಾರ ಅದಕ್ಕೆ ಅಳತೆ ಕೊಟ್ಟಿದೆ: ಒಂದು ಕೆಜಿ ಹೈಡ್ರೋಜನ್‌ಗೆ ಹೊರಬೀಳುವುದು 12 ತಿಂಗಳ ಸರಾಸರಿಯಲ್ಲಿ 2 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದುದನ್ನು ಮೀರಬಾರದು. ‘ಪರಿಸರಸ್ನೇಹಿ’ಗೆ ಇಂಥ ಅಳತೆಯಿಲ್ಲ.

ಉತ್ತರ 2:

ಹಣದ ಪದಗಳ ಬಗ್ಗೆ ಮೇಲೆ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಯಂತ್ರದ ಪದಗಳಿಗೆ ಬರುತ್ತೇನೆ.

‘ಇಂಧನ ಕೋಶ’ (ಹೈಡ್ರೋಜನ್ ಬಳಸಿ ವಿದ್ಯುತ್ ಕೊಡುವ ಸಾಧನ) ಪಠ್ಯಪುಸ್ತಕಗಳಲ್ಲಿ ನೆಲೆಯಾಗಿರುವ ಪದ, ಉಳಿಸಿಕೊಳ್ಳಿ. ಆದರೆ ಇಂಧನ ಇಲಾಖೆ ಇರುವ ರಾಜ್ಯದಲ್ಲಿ, ಇಲಾಖೆಗೊಂದು ‘ಕೋಶ’ ತೆರೆಯುವ ಕಾಲದಲ್ಲಿ, ‘ಇಂಧನ ಕೋಶಕ್ಕೆ ಅನುದಾನ’ ಎಂಬ ತಲೆಬರಹ ಯಾವುದೋ ಕಚೇರಿಗೆ ದುಡ್ಡು ಬಂತು ಎನ್ನುವಂತಿದೆ. ತಲೆಬರಹದಲ್ಲಿ ‘ಹೈಡ್ರೋಜನ್ ಇಂಧನ ಕೋಶ ತಂತ್ರಜ್ಞಾನ’ ಎಂದು ಪೂರ್ತಿ ಬರೆದು, ಒಳಗೆ ಚಿಕ್ಕದಾಗಿ ಬಳಸಿ. ಸ್ಟ್ಯಾಕ್ ಅನ್ನು ‘ಸ್ಟ್ಯಾಕ್’ ಎಂದೇ ಇಡಿ. ಹೊರೆ ಹೊತ್ತಾಗ ಒಂದು ಕೋಶದಿಂದ ಸಿಗುವುದು ಸುಮಾರು 0.6ರಿಂದ 0.7 ವೋಲ್ಟ್, ಬೇಕಾದ ವೋಲ್ಟೇಜ್‌ಗಾಗಿ ಹಲವನ್ನು ಸಾಲಾಗಿ ಒತ್ತಿ ಕಟ್ಟಿದ್ದೇ ಅದು. ಕೋಶ, ಸ್ಟ್ಯಾಕ್ ಎರಡಕ್ಕೂ ‘ಘಟಕ’ ಎಂದುಬಿಟ್ಟರೆ ‘ಪ್ರತಿ ಘಟಕಕ್ಕೆ ಇಷ್ಟು ವ್ಯಾಟ್’ ಎಂಬ ಷರತ್ತಿಗೆ ಅರ್ಥವೇ ಉಳಿಯುವುದಿಲ್ಲ.

ನಿಜವಾದ ಅಪಾಯ ಇರುವುದು ‘ಧನಾಗ್ರ-ಋಣಾಗ್ರ’ದಲ್ಲಿ. ಶಾಲೆಯಲ್ಲಿ ವಿದ್ಯುದ್ವಿಭಜನೆಯ ಪಾಠದಲ್ಲಿ ಆನೋಡ್ ಎಂದರೆ ಧನಾಗ್ರ ಎಂದು ಕಲಿತಿರುತ್ತೇವೆ, ಎಲೆಕ್ಟ್ರೊಲೈಸರ್‌ನ ಮಟ್ಟಿಗೆ ಅದು ಸರಿ. ಆಕ್ಸಿಜನ್ ಹೊರಡುವ ಬದಿ ಆನೋಡ್, ಅದೇ ಧನ. ಆದರೆ ಇಂಧನ ಕೋಶದಲ್ಲಿ ಆನೋಡ್ ಎಂದರೆ ಹೈಡ್ರೋಜನ್ ಒಳಬಂದು ಎಲೆಕ್ಟ್ರಾನ್ ಕಳೆದುಕೊಳ್ಳುವ ಬದಿ. ಆ ಎಲೆಕ್ಟ್ರಾನ್‌ಗಳು ಅಲ್ಲಿಂದಲೇ ಹೊರಗಿನ ತಂತಿಗೆ ಹರಿಯುತ್ತವೆ, ಹಾಗಾಗಿ ಅದು ಋಣ. ಅಂದರೆ ಹೈಡ್ರೋಜನ್ ಇರುವ ಬದಿ ಎರಡೂ ಯಂತ್ರಗಳಲ್ಲಿ ಋಣವೇ. ಅದಲುಬದಲಾಗುವುದು ಆನೋಡ್, ಕ್ಯಾಥೋಡ್ ಎಂಬ ಹೆಸರು. ಆನೋಡ್ ಎಂದರೆ ಉತ್ಕರ್ಷಣೆ (ಎಲೆಕ್ಟ್ರಾನ್ ಕಳೆದುಕೊಳ್ಳುವ ಕ್ರಿಯೆ) ನಡೆಯುವ ಜಾಗ, ಚಿಹ್ನೆಗೂ ಅದಕ್ಕೂ ಗಂಟಿಲ್ಲ.

ಒಂದೇ ಆಹ್ವಾನದಲ್ಲಿ ಎರಡೂ ಯಂತ್ರಗಳು ಬಂದರೆ ಈ ತಪ್ಪು ಎದ್ದು ಕಾಣುತ್ತದೆ. ‘ಆನೋಡ್‌ನಲ್ಲಿ ಇರಿಡಿಯಂ ಬಳಕೆ ಇಳಿಸುವುದು’ ಎಂಬ ಗುರಿ ಪೊರೆ ಬಗೆಯ ಎಲೆಕ್ಟ್ರೊಲೈಸರ್‌ಗೆ ಸೇರಿದ್ದು. ಇಂಧನ ಕೋಶದ ಆನೋಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಂಗಾಲದ ಮೇಲೆ ಹರಡಿದ ಪ್ಲಾಟಿನಂ. ಎರಡಕ್ಕೂ ‘ಧನಾಗ್ರ’ ಎಂದರೆ ಓದಿದವರು ಕ್ರಿಯಾವರ್ಧಕವನ್ನು ತಪ್ಪು ಬದಿಗೆ ಲೆಕ್ಕ ಹಾಕುತ್ತಾರೆ, ಪರೀಕ್ಷಾ ಬೆಂಚಿನ ತಂತಿಯನ್ನೂ ತಿರುಗಾಮುರುಗಾ ಜೋಡಿಸುತ್ತಾರೆ. ‘ಆನೋಡ್’, ‘ಕ್ಯಾಥೋಡ್’ ಎಂದೇ ಬರೆದು, ಒಂದೊಂದು ಯಂತ್ರಕ್ಕೂ ಮೊದಲ ಸಲ ಬಂದಲ್ಲಿ ಅದಕ್ಕೆ ತಕ್ಕಂತೆ ‘ಹೈಡ್ರೋಜನ್ ಬದಿ’ ಅಥವಾ ‘ಆಕ್ಸಿಜನ್ ಬದಿ’ ಎಂದು ಪಕ್ಕದಲ್ಲಿ ಸೇರಿಸಿ. ಧನ, ಋಣ ಎಂಬ ಮಾತು ತಂತಿ ಜೋಡಣೆಯ ಚಿತ್ರಕ್ಕೆ ಮಾತ್ರ ಇರಲಿ.