ಅಜ್ಜಿ ಉಳಿಯಲಿಲ್ಲ, ಮಗ ಪ್ರಾರ್ಥನೆ ಬಿಟ್ಟಿದ್ದಾನೆ: ಓದುಗರ ಸ್ಪಂದನ

ಸಮಸ್ಯೆ: ಅಜ್ಜಿ ಗುಣವಾಗಲೆಂದು ದಿನವೂ ಬೇಡುತ್ತಿದ್ದ 8 ವರ್ಷದ ಮಗ, ಅವರು ತೀರಿಕೊಂಡ ಮೇಲೆ ಕುಟುಂಬ ಪ್ರಾರ್ಥನೆಗೆ ಕೂರುತ್ತಿಲ್ಲ. ‘ದೇವರಿಗೆ ಅಜ್ಜಿ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಕರಕೊಂಡ’ ಎಂದು ಸಮಾಧಾನ ಹೇಳಿದೆ. ಈಗ ಒಬ್ಬನೇ ಮಲಗಲೂ ಹೆದರುತ್ತಾನೆ. ಏನು ಮಾಡಲಿ?

ಸಹೋದರಿ, ಆ ಸಮಾಧಾನದ ಮಾತನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳಿ. ಪ್ರೀತಿಸಿದವರನ್ನು ದೇವರು ಕರೆದೊಯ್ಯುವುದಾದರೆ ಮುಂದಿನ ಸರದಿ ಅಮ್ಮನದೋ ತನ್ನದೋ ಎಂಬುದು ಮಗುವಿನ ಲೆಕ್ಕ. ರಾತ್ರಿಯ ಹೆದರಿಕೆ ಅಲ್ಲಿಂದಲೇ ಬಂದಿರಬಹುದು. ‘ನಿದ್ರೆ ಹೋದರು’ ಎನ್ನುವುದೂ ಬೇಡ. ‘ಕಾಯಿಲೆ ಜೋರಾಯಿತು, ದೇಹ ಕೆಲಸ ನಿಲ್ಲಿಸಿತು, ಅಜ್ಜಿ ಸತ್ತರು’ ಎನ್ನಿ. ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಏಳುವರೆಂಬ ನಂಬಿಕೆಯ ಮಾತು ಅದಾದ ಮೇಲೆ. ತಾನು ಸರಿಯಾಗಿ ಪ್ರಾರ್ಥಿಸಲಿಲ್ಲ ಎಂಬ ಅಪರಾಧಭಾವವೂ ಈ ವಯಸ್ಸಿನಲ್ಲಿ ಇರಬಹುದು. ತಾನಾಗಿ ಬಾಯಿ ಬಿಡುವುದಿಲ್ಲ, ನೀವೇ ಕೇಳಿ. ಯೇಸುವಿನ ಅಪೊಸ್ತಲನಾದ ಪೌಲನೇ ‘ಶರೀರದ ಮುಳ್ಳು’ ಎಂದು ಕರೆದ ತನ್ನ ಬಾಧೆ ಹೋಗಲೆಂದು ಮೂರು ಸಲ ಬೇಡಿದ, ಅದು ಹೋಗಲಿಲ್ಲ (ಬೈಬಲಿನ 2 ಕೊರಿಂಥ 12) ಎಂದು ತಿಳಿಸಿ.
– ಸಂಡೇ ಸ್ಕೂಲ್ ಶಿಕ್ಷಕಿ

ಎಳೆದು ತಂದು ಕೂರಿಸಬೇಡಿ. ಬೈಬಲಿನ 13ನೇ ಕೀರ್ತನೆ ಓದಿ ಹೇಳಿ, ಆರೇ ವಚನ: ಮೊದಲೆರಡು ದೂರು, ನಡುವಿನೆರಡು ಬೇಡಿಕೆ, ಕೊನೆಯೆರಡು ಭರವಸೆ. ಹಾಳೆ ಕೊಟ್ಟು ದೂರಿನ ಭಾಗವನ್ನಷ್ಟೇ ಅವನ ಮಾತಲ್ಲಿ ಬರೆಯಲಿ ಅಥವಾ ಚಿತ್ರ ಬಿಡಿಸಲಿ. ಹತ್ತು ನಿಮಿಷ ಸಾಕು. ‘ದೇವರೇ, ನಿನ್ನ ಮೇಲೆ ಸಿಟ್ಟು’ ಎಂದು ಬರೆದರೆ ತಿದ್ದಬೇಡಿ. ದೊಡ್ಡವರು ಎಡವುವುದು ಇಲ್ಲೇ. ಅವಸರಪಟ್ಟು ಐದನೇ ವಚನಕ್ಕೆ ಹಾರುತ್ತಾರೆ. ಮಗು ಬಾಯಿಪಾಠ ಒಪ್ಪಿಸಿ ಸಿಟ್ಟನ್ನು ನುಂಗಿಕೊಳ್ಳುತ್ತದೆ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿದೆ! ಭರವಸೆಯ ಸಾಲುಗಳನ್ನು ಸದ್ಯಕ್ಕೆ ಅವನ ಪರವಾಗಿ ನೀವೇ ಹೇಳಿ. ಅಳು ಬಂದರೆ ಅವನೆದುರೇ ಅಳಿ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲಿದ್ದ ಯೇಸುವೂ ಅತ್ತನು.
– ನಿವೃತ್ತ ಸಭಾಪಾಲಕರು

ಕೀರ್ತನೆ ಸರಿ, ಆದರೆ ಮೊದಲು ನಿದ್ದೆ, ಊಟ. ಬೈಬಲಿನ ಪ್ರವಾದಿ ಎಲೀಯ ಸಾವು ಬೇಡಿ ಮಲಗಿದಾಗ ದೂತನು ಉಪದೇಶ ಮಾಡಲಿಲ್ಲ, ಎರಡು ಸಲ ಎಬ್ಬಿಸಿ ‘ತಿನ್ನು’ ಎಂದ. ಮಲಗುವ ಹೊತ್ತು ದಿನವೂ ಒಂದೇ ಇರಲಿ. ನಿಮ್ಮ ಕುರ್ಚಿ ಮೂರು ರಾತ್ರಿ ಹಾಸಿಗೆ ಪಕ್ಕ, ಮೂರು ರಾತ್ರಿ ಬಾಗಿಲ ಬಳಿ, ಆಮೇಲೆ ಬಾಗಿಲಾಚೆ. ಅವನಿಗೆ ಗಾಬರಿಯಾದರೆ ಹಿಂದಿನ ಹಂತಕ್ಕೆ ಮರಳಿ. ಹೇಳದೆ ಎದ್ದು ಹೋಗಬೇಡಿ. ಒಮ್ಮೆ ಹಾಗಾದರೆ ಮರುದಿನದಿಂದ ಕಣ್ಣು ಮುಚ್ಚುವುದೇ ಇಲ್ಲ. ಎರಡು ವಾರವಾದರೂ ಊಟ, ನಿದ್ದೆ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ‘ನಾನೂ ಅಜ್ಜಿ ಹತ್ರ ಹೋಗ್ತೀನಿ’ ಎಂದರೆ ಗದರದೆ ‘ಹೇಗೆ ಹೋಗ್ತೀಯ?’ ಎಂದು ಕೇಳಿ. ಸಾಯುವ ಮಾತು ಬಂದರೆ ಅಂದೇ ವೈದ್ಯರ ಬಳಿ ಹೋಗಿ, ಪ್ರಾರ್ಥನೆ ದಾರಿಯಲ್ಲಿ ಮಾಡಬಹುದು.
– ಮಕ್ಕಳ ಆಪ್ತಸಮಾಲೋಚಕಿ