ಸಹಾಯ ಬೇಕು: ಎಲ್‌ಎಫ್‌ಎಸ್ ಶುರು ಮಾಡೋಕೆ ‘ಎಸ್‌ಎಚ್’ ಒಂದೇ ಅಡ್ಡ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಕಾಲೇಜು ಲ್ಯಾಬ್‌ನ ಉಬುಂಟು 22.04 ಸಿಸ್ಟಮ್‌ನಲ್ಲಿ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ (ಎಲ್‌ಎಫ್‌ಎಸ್, ಅಂದ್ರೆ ಪುಸ್ತಕ ನೋಡಿ ಸೋರ್ಸ್ ಕೋಡ್‌ನಿಂದ ನಾವೇ ಕಟ್ಟೋ ಲಿನಕ್ಸ್) ಬಿಲ್ಡ್ ಮಾಡಬೇಕಿದೆ. ಬೇಕಾದ ಟೂಲ್‌ಗಳು ಇವೆಯಾ ಅಂತ ನೋಡೋ ಪುಸ್ತಕದ ವರ್ಷನ್ ಚೆಕ್ ಸ್ಕ್ರಿಪ್ಟ್ ಓಡಿಸಿದೆ. ಬೈಸನ್, ಜಿಆಕ್, ಎಂ4, ಟೆಕ್ಸ್‌ಇನ್ಫೋ ಇರಲಿಲ್ಲ, ಆಪ್ಟ್‌ನಿಂದ ಹಾಕಿದೆ. ಹಾಕಿದ್ದೇ ತಡ, ಆಕ್ (awk) ಕಮಾಂಡ್ ಎಂಆಕ್ ಬಿಟ್ಟು ಜಿಆಕ್‌ಗೆ, ಯಾಕ್ (yacc) ಕಮಾಂಡ್ ಬೈಸನ್‌ಗೆ ತಾನಾಗೇ ತಿರುಗಿದವು. ಜಿಸಿಸಿ 11, ಮೇಕ್ 4.3, ಕರ್ನಲ್ 5.15 ಇವೆ, ಅವುಗಳ ಚಿಂತೆ ಇಲ್ಲ.

ಉಳಿದಿರೋ ಎರರ್ ಒಂದೇ: ಎಸ್‌ಎಚ್ (sh, ಸ್ಕ್ರಿಪ್ಟ್‌ಗಳನ್ನು ಓಡಿಸೋ ಶೆಲ್‌ನ ಕಮಾಂಡ್) ಬ್ಯಾಶ್ ಶೆಲ್ ಅಲ್ಲ.

ಉಬುಂಟುವಿನಲ್ಲಿ ಅದು ಡ್ಯಾಶ್ ಅನ್ನೋ ಬೇರೆ ಶೆಲ್‌ಗೆ ಲಿಂಕ್ ಆಗಿರುತ್ತೆ. ಬ್ಯಾಶ್‌ಆರ್‌ಸಿ ಫೈಲಲ್ಲಿ ಏಲಿಯಾಸ್ ಬರೆದರೆ ಉಪಯೋಗ ಇಲ್ಲ, ಸ್ಕ್ರಿಪ್ಟ್‌ಗಳು ಬಿನ್ ಡೈರೆಕ್ಟರಿಯ ಎಸ್‌ಎಚ್ ಅನ್ನೇ ನೇರವಾಗಿ ಕರೀತಾವೆ. ಕಾನ್ಫಿಗ್ ಶೆಲ್ ವೇರಿಯಬಲ್‌ಗೆ ಬ್ಯಾಶ್ ಕೊಟ್ಟರೆ ಕಾನ್ಫಿಗರ್ ಹಂತ (ಬಿಲ್ಡ್‌ಗೆ ಮುಂಚಿನ ಸಿದ್ಧತೆ) ಒಪ್ಪುತ್ತೆ, ಆದರೆ ಕೈಯಲ್ಲಿ ಬರೆದ ಮೇಕ್‌ಫೈಲ್‌ಗಳು (ಬಿಲ್ಡ್ ಸೂಚನೆಯ ಫೈಲ್‌ಗಳು) ಮತ್ತೆ ಎಸ್‌ಎಚ್‌ಗೇ ಹೋಗ್ತಾವೆ. ಹಾಗಾಗಿ ಲಿಂಕನ್ನೇ ಬ್ಯಾಶ್‌ಗೆ ಬದಲಿಸಬೇಕು ಅನ್ನೋದು ಗೊತ್ತು.

ತೊಡಕು ಏನಂದ್ರೆ, ಈ ಸಿಸ್ಟಮ್ ಬೇರೆ ಬ್ಯಾಚ್‌ನವರೂ ಬಳಸ್ತಾರೆ, ಬದಲಾವಣೆ ಬಹಳ ದಿನ ಇಡೋಕಾಗಲ್ಲ. ಪುಸ್ತಕದ 6ನೇ ಅಧ್ಯಾಯದಲ್ಲಿ ಬ್ಯಾಶ್ ಬಿಲ್ಡ್ ಆದಮೇಲೆ ಎಲ್‌ಎಫ್‌ಎಸ್ ಪಾರ್ಟಿಷನ್ ಒಳಗೇ ಬೇರೆ ಎಸ್‌ಎಚ್ ಲಿಂಕ್ ಮಾಡ್ತೀವಿ. 7ನೇ ಅಧ್ಯಾಯದಲ್ಲಿ ಸಿಎಚ್‌ರೂಟ್ (ಹೊಸ ಪಾರ್ಟಿಷನ್ನನ್ನೇ ರೂಟ್ ಮಾಡಿಕೊಂಡು ಕೆಲಸ ಮಾಡೋ ವ್ಯವಸ್ಥೆ) ಒಳಗೆ ಹೋದಮೇಲೆ ಅದೇ ಕೆಲಸಕ್ಕೆ ಬರಬೇಕು.

ದಯವಿಟ್ಟು ಬಿಲ್ಡ್ ಮುಗಿಸಿರೋರು ಹೇಳಿ: ಸಿಎಚ್‌ರೂಟ್ ಆದ ಕೂಡಲೇ ಉಬುಂಟುವಿನ ಎಸ್‌ಎಚ್ ಅನ್ನು ಡ್ಯಾಶ್‌ಗೆ ವಾಪಸ್ ತಿರುಗಿಸಬಹುದಾ, ಇಲ್ಲಾ ಮುಂದೆ ಎಲ್ಲಾದರೂ ಹೋಸ್ಟ್‌ನ (ಅಂದ್ರೆ ಉಬುಂಟುವಿನ) ಎಸ್‌ಎಚ್ ಬ್ಯಾಶ್ ಆಗಿರೋದು ಮತ್ತೆ ಬೇಕಾಗುತ್ತಾ? ಬೇಕಾದರೆ ಯಾವ ಹಂತದಲ್ಲಿ?