‘ಬೇ’ ಎಲ್ಲಿ ಹೋಯಿತು?

ಉಡುಪಿಯ ಟೀಚರ್:
ಆರನೇ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ ‘ನಾಳೆ ಅಜ್ಜಿ ಮನೆಗೆ ಹೋಯ್ಕು’ ಎಂದು ಬರೆದಿದ್ದ. ಕೆಂಪು ಗೆರೆ ಎಳೆದು ‘ಹೋಗಬೇಕು’ ಎಂದು ತಿದ್ದಿದೆ. ಕರಾವಳಿಯಲ್ಲಿ ಅನೇಕರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು. ಅದಕ್ಕೇ ನಮ್ಮ ಉಚ್ಚಾರ ಸ್ಪಷ್ಟ ಎಂಬ ಹೆಸರಿದೆ. ಅಕ್ಷರ ನುಂಗುವ ಅಭ್ಯಾಸ ಬರವಣಿಗೆಗೂ ಇಳಿದರೆ ಆ ಹೆಸರು ಉಳಿಯುತ್ತದೆಯೇ?

ಕುಂದಾಪುರದವಳು:
ಟೀಚರೇ, ತಿದ್ದಿದ್ದು ಸರಿ. ‘ನುಂಗುವುದು’ ಎಂದಿರಲ್ಲ, ಅದು ನೋವಾಯಿತು. ನಾವು ತೊಟ್ಟಿಲಿನಲ್ಲೇ ಹೋಯ್ಕ್, ಬರ್ಕ್, ಮಾಡ್ಕ್ ಕೇಳಿದವರು. ಹೋಗಬೇಕು, ಬರಬೇಕು, ಮಾಡಬೇಕು: ಮೂರರಲ್ಲೂ ‘ಬೇ’ ಬಿದ್ದಿರುವುದು ಒಂದೇ ಜಾಗದಲ್ಲಿ. ಹವ್ಯಕರ ‘ಮಾಡೆಕ್ಕು’ವಿನಲ್ಲಿ ‘ಬ’ ಕರಗಿದರೂ ಎಕಾರ ಇನ್ನೂ ಇದೆ. ನಾವು ಅದನ್ನೂ ಬಿಟ್ಟೆವು. ಸೋಮಾರಿತನಕ್ಕೆ ಇಷ್ಟು ಶಿಸ್ತು ಇರುವುದುಂಟೇ?

ಮಂಗಳೂರಿನ ಕರಡು ತಿದ್ದುವವ:
ಅಚ್ಚಿನ ಕನ್ನಡವೂ ಹೀಗೆ ಕಳೆದುಕೊಂಡೇ ಬಂದದ್ದು. ನಮ್ಮ ಬೈಲಿನ ‘ಗದ್ದೆ’ ಹಳಗನ್ನಡದಲ್ಲಿ ‘ಗೞ್ದೆ’. ‘ಇದ್ದನು’ ಹಿಂದೆ ‘ಇರ್ದನು’. ‘ಊರು’ ತನ್ನ ಉಕಾರ ಬಿಟ್ಟು ‘ಊರಲ್ಲಿ’ ಆದರೆ ಲೋಪಸಂಧಿ ಎಂದು ಅಂಕ ಕೊಡುತ್ತೀರಿ. 13ನೆಯ ಶತಮಾನದ ಕೇಶಿರಾಜನ ವ್ಯಾಕರಣದಲ್ಲೂ ಲೋಪಕ್ಕೆ ಜಾಗವಿದೆ. ‘ಹುಡುಗಿ’ ಬಾಯಲ್ಲಿ ‘ಹುಡ್ಗಿ’ ಆಗುವಾಗ ಹೋಗುವುದು ನಡುವಿನ ಹ್ರಸ್ವ ಸ್ವರ. ಮೊದಲ ಅಕ್ಷರ ಅಲುಗುವುದಿಲ್ಲ.

ಮೂಲ್ಕಿಯ ತುಳುವ:
ಕನ್ನಡದ ಮಟ್ಟಿಗೆ ಇರಬಹುದು. ನಿಮ್ಮ ‘ಎರಡು’ ನಮ್ಮಲ್ಲಿ ‘ರಡ್ಡ್’. ತಲೆಯ ಎಕಾರವೇ ಇಲ್ಲ!

ಕುಂದಾಪುರದವಳ ತಮ್ಮ:
ಅಕ್ಕ, ಇನ್ನೊಂದು ಮುಖವನ್ನೂ ಹೇಳು. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ‘ಬಾತ್‌ರೂಮಿಗೆ ಹೋಯ್ಕ್’ ಎಂದರು. ಬಳ್ಳಾರಿ ಕಡೆಯ ನರ್ಸ್ ಅದನ್ನು ‘ಹೋಯ್ತು’ ಎಂದು ಕೇಳಿಸಿಕೊಂಡು, ಆಗಲಿ ಎಂದು ದೀಪ ಆರಿಸಿ ನಡೆದರು. ಅಜ್ಜಿ ನಾಚಿಕೊಂಡು ಮತ್ತೆ ಕರೆಯಲಿಲ್ಲ. ಬೆಳಿಗ್ಗೆ ನಾನೇ ಹಾಸಿಗೆಯ ಬಟ್ಟೆ ಬದಲಿಸಿದೆ. ನರ್ಸ್ ಒಳ್ಳೆಯವರೇ, ಅಜ್ಜಿಯ ಮಾತೂ ಸರಿಯೇ. ಹಾಗಾಗಿ ಎರಡೂ ಕನ್ನಡ ಬರಲೇಬೇಕು ಎನ್ನುತ್ತೇನೆ.

ಉಡುಪಿಯ ಟೀಚರ್:
ಓದಿ ಸಂಕಟವಾಯಿತು. ಪ್ರಬಂಧದಲ್ಲಿ ‘ಹೋಗಬೇಕು’ ಎಂದೇ ಬರೆಯಿಸುತ್ತೇನೆ, ಅದರಲ್ಲಿ ರಾಜಿಯಿಲ್ಲ. ಆದರೆ ಬರಿಯ ಕೆಂಪು ಗೆರೆ ಸಾಲದು. ಸೋಮವಾರ ಹೋಯ್ಕ್, ಬರ್ಕ್, ಮಾಡ್ಕ್ ಮೂರನ್ನೂ ಕರಿಹಲಗೆಯ ಮೇಲೆ ಬರೆದು, ‘ಬೇ’ ಎಲ್ಲಿ ಹೋಯಿತು ಎಂದು ಆ ಹುಡುಗನಿಂದಲೇ ತರಗತಿಗೆ ಹೇಳಿಸುತ್ತೇನೆ.